ಗಾಳಿಯ ಕಡತ

ಹವಾಯಿ ದ್ವೀಪದಲ್ಲಿ ಮೌನಾ ಲೋವಾ ಎಂಬ ಜ್ವಾಲಾಮುಖಿ ಪರ್ವತವಿದೆ. ಆ ನಾಡಿನ ಮೂಲನಿವಾಸಿಗಳ ನುಡಿಯಲ್ಲಿ ಮೌನಾ ಎಂದರೆ ಬೆಟ್ಟ, ಲೋವಾ ಎಂದರೆ ಉದ್ದನೆಯದು. ಕನ್ನಡದಲ್ಲಿ ಹೇಳುವುದಾದರೆ ಉದ್ದಬೆಟ್ಟ. ನೀಲಗಿರಿಯ ಅತ್ಯುನ್ನತ ಶಿಖರವನ್ನು ದೊಡ್ಡಬೆಟ್ಟವೆಂದು ಕರೆದವರಿಗೂ ಶಾಂತಸಾಗರದ ನಡುವೆ ಉದ್ದಬೆಟ್ಟವೆಂದು ಕರೆದವರಿಗೂ ಪರಸ್ಪರ ಪರಿಚಯವಿರಲಿಲ್ಲ. ಬೆಟ್ಟವನ್ನು ಕಂಡು ಇಬ್ಬರಿಗೂ ತೋಚಿದ್ದು ಮಾತ್ರ ಒಂದೇ ಬಗೆಯ ಸರಳವಾದ ಮಾತು. ಆ ಉದ್ದಬೆಟ್ಟದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ 3397 ಮೀಟರ್ ಎತ್ತರದಲ್ಲಿ, ಕಪ್ಪು ಲಾವಾ ಬಂಡೆಗಳ ಮೇಲೆ 1956ರಲ್ಲಿ ಒಂದು ವೀಕ್ಷಣಾಲಯ ಆರಂಭವಾಯಿತು. 1958ರ ಮಾರ್ಚ್ ತಿಂಗಳಿನಿಂದ ಅಲ್ಲಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನ ಪ್ರಮಾಣವನ್ನು ಅಳೆಯಲಾಗುತ್ತಿದೆ. ಮೊದಲ ದಿನಗಳಲ್ಲಿ ದೊರೆತ ಅಂಕಿ ಹತ್ತು ಲಕ್ಷ ಭಾಗ ಗಾಳಿಯಲ್ಲಿ 313 ಭಾಗ. 2025ರ ಮೇ ತಿಂಗಳ ಸರಾಸರಿ 430ನ್ನು ದಾಟಿತು. ಭೂಮಿಯ ಹವಾಮಾನದ ಬಗೆಗೆ ಇಂದು ಜಗತ್ತು ನಡೆಸುತ್ತಿರುವ ಚರ್ಚೆಯ ಬುನಾದಿಯಲ್ಲಿ ಈ ಎರಡು ಅಂಕಿಗಳೂ ಅವುಗಳ ನಡುವೆ ದಿನದಿನವೂ ಬರೆದಿಟ್ಟ ಸಾವಿರಾರು ಅಂಕಿಗಳೂ ಇವೆ.

ಈ ಅಳತೆಯನ್ನು ಆರಂಭಿಸಿದವರು ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ರಸಾಯನ ವಿಜ್ಞಾನಿ. ಬೆಟ್ಟವನ್ನೇ ಏಕೆ ಆರಿಸಿಕೊಳ್ಳಬೇಕಾಯಿತು ಎಂಬುದನ್ನು ಮೊದಲು ತಿಳಿಯಬೇಕು. ನೆಲಕ್ಕೆ ಅಂಟಿಕೊಂಡ ಒಂದೆರಡು ಕಿಲೋಮೀಟರ್ ದಪ್ಪದ ಗಾಳಿಯ ಪದರವು ಸುತ್ತಲಿನ ಊರಿನ ಸುದ್ದಿಯನ್ನಷ್ಟೇ ಹೇಳುತ್ತದೆ. ಹೊಲದಲ್ಲಿ ಕೂಳೆ ಸುಟ್ಟರೂ ಹೆದ್ದಾರಿಯಲ್ಲಿ ಲಾರಿ ಹಾದರೂ ಹಗಲು ಕಾಡು ಉಸಿರಾಡಿದರೂ ಆ ಪದರದ ಅಂಕಿ ಏರಿಳಿಯುತ್ತದೆ. ಅದರ ಮೇಲಿನ ಮುಕ್ತ ವಾಯುಮಂಡಲದಲ್ಲಿ ಗಾಳಿ ಸಾವಿರಾರು ಮೈಲಿ ಅಲೆದು, ಚೆನ್ನಾಗಿ ಬೆರೆತು, ಇಡೀ ಅಕ್ಷಾಂಶವಲಯದ ಸರಾಸರಿಯನ್ನು ಹೊತ್ತಿರುತ್ತದೆ. ವಿಮಾನವು ಆ ಪದರವನ್ನು ತಾಕಿ ಮರಳುತ್ತದೆ. ಬಲೂನು ಒಮ್ಮೆ ಹೋದರೆ ಮುಗಿಯಿತು. ಹಗಲಿರುಳು ಅಲ್ಲಿಯೇ ನಿಂತಿರಬಲ್ಲದ್ದು ಬೆಟ್ಟವೊಂದೇ. ಅದೂ ಸುಲಭವಲ್ಲ. ಹಗಲಿನಲ್ಲಿ ಬಿಸಿಲಿಗೆ ಕಾದ ಇಳಿಜಾರು ಕೆಳಗಿನ ತೋಟ ಕಾಡುಗಳ ಗಾಳಿಯನ್ನು ಮೇಲಕ್ಕೆಳೆಯುತ್ತದೆ. ರಾತ್ರಿ ನೆಲ ತಣಿದಾಗ ಮೇಲಿನ ಶುದ್ಧ ಗಾಳಿ ಕೆಳಕ್ಕೆ ಜಾರುತ್ತದೆ. ಮೌನಾ ಲೋವಾದ ಬಾಯಿಯಿಂದಲೇ ಹೊರಬರುವ ಅನಿಲವೂ ಕೆಲವೊಮ್ಮೆ ಬಂದು ಬೆರೆಯುವುದುಂಟು. ಆದ್ದರಿಂದ ಗಾಳಿಯ ದಿಕ್ಕು, ವೇಳೆ, ಅಂಕಿಯ ಸ್ಥಿರತೆ ಇವನ್ನೆಲ್ಲ ಪರೀಕ್ಷಿಸಿ ಯಾವ ಗಂಟೆಯ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುತ್ತಾರೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಕೆಲಸ ಅಪರಿಚಿತವೆನಿಸಬಾರದು. ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಇದು ಕವಿಯ ಪಾಠ, ಇದು ಲಿಪಿಕಾರನ ಕೈತಪ್ಪು ಎಂದು ಬೇರ್ಪಡಿಸುವ ಗ್ರಂಥಸಂಪಾದಕನೂ ಮಾಡುವುದು ಇದನ್ನೇ.

ಕೀಲಿಂಗ್ ಅವರ ನಿಜವಾದ ಹಿರಿಮೆ ಯಂತ್ರದಲ್ಲಿರಲಿಲ್ಲ, ಅವರ ಹಟದಲ್ಲಿತ್ತು. ಅವರು ಬಳಸಿದ ಅವಕೆಂಪು ವಿಶ್ಲೇಷಕ ಯಂತ್ರವನ್ನು ಕೊಳ್ಳಬಹುದಾಗಿತ್ತು. ಆದರೆ ಯಂತ್ರವು ದಿನ ಕಳೆದಂತೆ ತನ್ನ ಅಳತೆಯನ್ನು ತಾನೇ ಮರೆಯುತ್ತದೆ. ಆದುದರಿಂದ ಪ್ರಮಾಣ ಖಚಿತವಾಗಿ ಗೊತ್ತಿರುವ ಅನಿಲವನ್ನು ಸಿಲಿಂಡರುಗಳಲ್ಲಿ ತುಂಬಿಸಿ ಬೆಟ್ಟದ ಮೇಲಿಟ್ಟು, ಹೊರಗಿನ ಗಾಳಿಯನ್ನು ಅಳೆಯುವ ನಡುನಡುವೆ ಈ ಆಕರ ಅನಿಲವನ್ನೂ ಅಳೆದು ತಾಳೆ ನೋಡುವ ಕ್ರಮವನ್ನು ಅವರು ನೆಲೆಗೊಳಿಸಿದರು. ಒಂದು ಸಿಲಿಂಡರು ಬರಿದಾಗುವ ಮೊದಲು ಅದರೊಡನೆ ಮುಂದಿನದನ್ನು ಹೋಲಿಸಿ ನೋಡಬೇಕು. ಹೀಗೆ ಕೈಯಿಂದ ಕೈಗೆ ದಾಟಿಬಂದ ತೂಕದ ಕಲ್ಲಿನ ಪರಂಪರೆ ಮುರಿಯದಿರುವುದರಿಂದಲೇ 1958ರ ಅಂಕಿಯನ್ನು ಇಂದಿನ ಅಂಕಿಯ ಪಕ್ಕದಲ್ಲಿಟ್ಟು ಓದಲು ಸಾಧ್ಯವಾಗಿದೆ. ಮೊದಲ ಯಂತ್ರವನ್ನು ಬದಲಾಯಿಸಿದ್ದೇ 2006ರಲ್ಲಿ, ಹೆಚ್ಚುಕಡಿಮೆ ಅರ್ಧ ಶತಮಾನದ ದುಡಿಮೆಯ ನಂತರ. ಕೀಲಿಂಗ್ 2005ರಲ್ಲಿ ತೀರಿಕೊಂಡರು. ಅವರ ಮಗ ರಾಲ್ಫ್ ಕೀಲಿಂಗ್ ಆ ಕೆಲಸವನ್ನು ಮುಂದುವರಿಸಿದ್ದಾರೆ. ಶ್ಯಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿದ್ದ ಕಾಲವನ್ನು ಇದು ನೆನಪಿಸಿದರೆ ತಪ್ಪಿಲ್ಲ.

ಆ ದಾಖಲೆ ಹೇಳಿದ್ದೇನು? ಮೊದಲು ಕಾಣಿಸಿದ್ದು ಉಸಿರಾಟ. ಅಂಕಿಯು ಪ್ರತಿವರ್ಷ ಮೇ ತಿಂಗಳಿನಲ್ಲಿ ಏರಿ ನಿಲ್ಲುತ್ತಿತ್ತು. ಬೇಸಿಗೆಯುದ್ದಕ್ಕೂ ಇಳಿದು ಸೆಪ್ಟೆಂಬರಿನ ಹೊತ್ತಿಗೆ ತಳ ಮುಟ್ಟಿ ಮತ್ತೆ ಏರತೊಡಗುತ್ತಿತ್ತು. ಉತ್ತರಾರ್ಧಗೋಲದ ಕಾಡು ಹುಲ್ಲುಗಾವಲುಗಳು ಚಿಗುರುವಾಗ ಇಂಗಾಲವನ್ನು ಒಳಕ್ಕೆಳೆದುಕೊಂಡು, ಎಲೆಯುದುರಿ ಕೊಳೆಯುವಾಗ ಹೊರಗೆ ಬಿಡುವ ಲಯ ಅದು. ಇಡೀ ಭೂಗೋಲದ ಹಸಿರು ಒಂದೇ ಜೀವಿಯಂತೆ ಉಸಿರಾಡುವುದನ್ನು ಮನುಷ್ಯ ಮೊದಲ ಬಾರಿಗೆ ಅಂಕಿಯಲ್ಲಿ ಕಂಡದ್ದು ಆ ಬೋಳು ಲಾವಾ ನೆಲದ ಮೇಲೆ. ಈ ಏರಿಳಿತವನ್ನು ಗುರುತಿಸಲು ಒಂದೆರಡು ವರ್ಷ ಸಾಕಾಯಿತು. ಅದರ ಅಡಿಯಲ್ಲಿ ಮೆಲ್ಲನೆ ನಡೆಯುತ್ತಿದ್ದ ಇನ್ನೊಂದು ಚಲನೆ ಸಂದೇಹಕ್ಕೆಡೆಯಿಲ್ಲದಂತೆ ಕಾಣಬೇಕಾದರೆ ತಾಳ್ಮೆ ಬೇಕಿತ್ತು. ಪ್ರತಿವರ್ಷದ ಶಿಖರ ಹಿಂದಿನ ವರ್ಷದ ಶಿಖರಕ್ಕಿಂತ ತುಸು ಎತ್ತರದಲ್ಲಿತ್ತು. 1960ರ ದಶಕದಲ್ಲಿ ಆ ಹೆಚ್ಚಳ ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೂ ಕಡಿಮೆ. ಈಚಿನ ದಶಕದಲ್ಲಿ ಎರಡೂವರೆಯ ಆಸುಪಾಸು. ಒಂದು ವರ್ಷದ ಏರಿಕೆಯು ಆ ವರ್ಷದೊಳಗಿನ ಏರಿಳಿತಕ್ಕಿಂತ ಚಿಕ್ಕದು. ಈ ಮಾತನ್ನು ಎರಡು ಬಾರಿ ಓದಬೇಕು. ಒಂದು ಋತುವಿನ, ಒಂದು ಯೋಜನೆಯ, ಒಂದು ಪಿಎಚ್.ಡಿ. ಅವಧಿಯ ಅಳತೆಗೆ ಸಿಗದ ಸತ್ಯವಿದು. ಅದನ್ನು ಕಾಣಬೇಕಾದರೆ ಬೇಸರವಿಲ್ಲದೆ ಕುಳಿತು ಬರೆಯಬೇಕು.

ವಿಜ್ಞಾನಕ್ಕೆ ಹಣ ಕೊಡುವವರಿಗೆ ಇಷ್ಟವಾಗದಿರುವುದೂ ಇದೇ ಕೆಲಸ. ಪ್ರತಿ ಮೂರು ವರ್ಷಕ್ಕೊಮ್ಮೆ ಹೊಸ ಸಂಶೋಧನೆ ಏನಾಯಿತೆಂದು ಕೇಳುವ ಸಮಿತಿಯ ಮುಂದೆ, ಕಳೆದ ವರ್ಷ ಮಾಡಿದ್ದನ್ನೇ ಈ ವರ್ಷವೂ ಮಾಡಿದೆವು, ಮುಂದಿನ ವರ್ಷವೂ ಅದನ್ನೇ ಮಾಡುತ್ತೇವೆ ಎಂದು ಹೇಳುವುದು ಕಷ್ಟ. 1964ರಲ್ಲಿ ಅನುದಾನ ಕಡಿತವಾದಾಗ ಮೌನಾ ಲೋವಾದ ಅಳತೆ ಕೆಲವು ತಿಂಗಳು ನಿಂತುಹೋಯಿತು. ಕೀಲಿಂಗ್ ರೇಖೆಯನ್ನು ಗಮನವಿಟ್ಟು ನೋಡುವವರಿಗೆ ಆ ಬಿರುಕು ಇಂದಿಗೂ ಕಾಣುತ್ತದೆ. 2022ರ ನವೆಂಬರ್ ಕೊನೆಯಲ್ಲಿ, 38 ವರ್ಷಗಳ ಮೌನದ ನಂತರ ಪರ್ವತವೇ ಬಾಯ್ದೆರೆಯಿತು. ಲಾವಾ ಹರಿದು ವೀಕ್ಷಣಾಲಯದ ದಾರಿಯನ್ನೂ ವಿದ್ಯುತ್ ತಂತಿಯನ್ನೂ ಕತ್ತರಿಸಿತು. ಕೆಲವೇ ದಿನಗಳಲ್ಲಿ ಪಕ್ಕದ ಮೌನಾ ಕೇಯಾ ಪರ್ವತದ ಮೇಲೆ ತಾತ್ಕಾಲಿಕ ಅಳತೆ ಆರಂಭವಾಯಿತು. ಜ್ವಾಲಾಮುಖಿಯ ಎದುರು ತೋರಿದ ಈ ಚುರುಕು ಆಯವ್ಯಯ ಪತ್ರದ ಎದುರು ಸಾಧ್ಯವಿಲ್ಲ. 2025ರಲ್ಲಿ ಅಮೆರಿಕದ ಆಡಳಿತವು ಮುಂದಿನ ವರ್ಷಕ್ಕೆ ಮಂಡಿಸಿದ ಪ್ರಸ್ತಾವದಲ್ಲಿ ಈ ವೀಕ್ಷಣಾಲಯವನ್ನು ನಡೆಸುವ ಸಂಶೋಧನ ವಿಭಾಗದ ಹಣವನ್ನೇ ತೆಗೆದುಹಾಕುವ ಮಾತಿತ್ತು. ಲಾವಾ ಮುಚ್ಚಿದ ದಾರಿಯನ್ನು ಮತ್ತೆ ಕಡಿಯಬಹುದು. ಅಳೆಯದೆ ಬಿಟ್ಟ ವರ್ಷದ ಗಾಳಿಯನ್ನು ಮರಳಿ ತರುವ ಉಪಾಯವಿಲ್ಲ.

ಮುಚ್ಚಿದ ವೀಕ್ಷಣಾಲಯದ ಕಥೆಯೊಂದು ಸ್ಕಾಟ್ಲೆಂಡಿನಲ್ಲಿದೆ. ಬೆನ್ ನೆವಿಸ್ ಎಂಬ ಅಲ್ಲಿನ ಅತ್ಯುನ್ನತ ಬೆಟ್ಟ ಎತ್ತರದಲ್ಲಿ ದೊಡ್ಡಬೆಟ್ಟದ ಅರ್ಧದಷ್ಟು ಮಾತ್ರ. ಆದರೆ ಅಲ್ಲಿನ ಚಳಿಗಾಳಿ, ಹಿಮ, ಮಂಜು ಮನುಷ್ಯರನ್ನು ಸೋಲಿಸುವಂಥವು. 1881ರ ಬೇಸಿಗೆಯಲ್ಲಿ ಕ್ಲೆಮೆಂಟ್ ರ‍್ಯಾಗ್ ಎಂಬಾತ ದಿನವೂ ಬೆಟ್ಟ ಹತ್ತಿ ಅಳತೆಗಳನ್ನು ಬರೆದು ಇಳಿಯುತ್ತಿದ್ದ. ಅದರಿಂದ ಉತ್ಸಾಹಗೊಂಡ ಜನರ ದೇಣಿಗೆಯಿಂದ 1883ರಲ್ಲಿ ಶಿಖರದ ಮೇಲೆ ಕಲ್ಲಿನ ವೀಕ್ಷಣಾಲಯ ಎದ್ದಿತು. ಅಲ್ಲಿ ವಾಸವಿದ್ದವರು ಹಗಲೂ ಇರುಳೂ ಪ್ರತಿ ಗಂಟೆಗೆ ಹೊರಗೆ ಹೋಗಿ ಉಷ್ಣಮಾಪಕ, ವಾಯುಭಾರಮಾಪಕಗಳನ್ನು ಓದಿ ಬರೆದರು. ಹಣ ಸಾಲದೆ 1904ರಲ್ಲಿ ಅದನ್ನು ಮುಚ್ಚಲಾಯಿತು. ಅದರ ಲಾಭವೇನಾಯಿತೆಂದು ಕೇಳಿದವರು ಅಂದೂ ಇದ್ದರು. 1894ರ ಸೆಪ್ಟೆಂಬರಿನಲ್ಲಿ ಎರಡು ವಾರಗಳ ಮಟ್ಟಿಗೆ ಅಲ್ಲಿ ಕೆಲಸಕ್ಕೆ ಬಂದ ಸಿ. ಟಿ. ಆರ್. ವಿಲ್ಸನ್ ಎಂಬ ತರುಣನು ಬೆಟ್ಟದ ನೆರಳಿನ ಸುತ್ತ ಮೋಡದ ಮೇಲೆ ಮೂಡುವ ಬಣ್ಣದ ಬಳೆಗಳನ್ನು ಕಂಡು ಬೆರಗಾಗಿ, ಪ್ರಯೋಗಶಾಲೆಯಲ್ಲಿ ಮೋಡವನ್ನು ಕೃತಕವಾಗಿ ಮಾಡಲು ಹೊರಟ. ಅದರಿಂದ ಹುಟ್ಟಿದ್ದು ಪರಮಾಣುವಿಗಿಂತ ಚಿಕ್ಕ ಕಣಗಳ ಹಾದಿಯನ್ನು ತೋರಿಸುವ ಮೋಡಕೋಶ. ಅದಕ್ಕಾಗಿ 1927ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಇದು ಪ್ರಸಿದ್ಧವಾದ ಸಂಗತಿ. ಇದಕ್ಕಿಂತ ಮನಮುಟ್ಟುವುದು ಈಚಿನದು. ಬೀಗ ಹಾಕಿ ನೂರು ವರ್ಷ ಕಳೆದ ಮೇಲೆ, 2017ರಲ್ಲಿ, ಸಾವಿರಾರು ಮಂದಿ ಸಾಮಾನ್ಯ ಜನರು ಆ ಹಳೆಯ ದಫ್ತರುಗಳ ಚಿತ್ರಗಳನ್ನು ತಮ್ಮ ಮನೆಯ ಕಂಪ್ಯೂಟರಿನಲ್ಲಿ ನೋಡುತ್ತ, ಕೈಬರಹದ ಅಂಕಿಗಳನ್ನು ಒಂದೊಂದಾಗಿ ಓದಿ ತುಂಬಿದರು. ಆ ಕಾಲದ ಬಿರುಗಾಳಿಗಳ ಸ್ವರೂಪವನ್ನು ಮತ್ತೆ ಕಟ್ಟಲು ವಿಜ್ಞಾನಿಗಳಿಗೆ ಇಂದು ಆ ಅಂಕಿಗಳು ಬೇಕಾಗಿವೆ. ಬರೆದವರಿಗೆ ತಮ್ಮ ಅಂಕಿ ಯಾರಿಗೆ ಬೇಕಾದೀತೆಂದು ತಿಳಿದಿರಲಿಲ್ಲ. ಬರೆಯಬೇಕೆಂದಿತ್ತು, ಬರೆದರು.

ಆಲ್ಪ್ಸ್ ಪರ್ವತಗಳಲ್ಲಿ, ಆಸ್ಟ್ರಿಯದ ಸೊನ್‌ಬ್ಲಿಕ್ ಶಿಖರದ ಮೇಲೆ, 1886ರಲ್ಲಿ ಚಿನ್ನದ ಗಣಿಯೊಂದರ ಒಡೆಯನ ನೆರವಿನಿಂದ ಆರಂಭವಾದ ವೀಕ್ಷಣಾಲಯವು ಎರಡು ಮಹಾಯುದ್ಧಗಳನ್ನು ದಾಟಿ ಇಂದಿಗೂ ನಡೆಯುತ್ತಿದೆ. ಸಾಧ್ಯವೇ ಎಂದು ಕೇಳುವವರಿಗೆ ಈ ಒಂದು ಉದಾಹರಣೆ ಸಾಕು.

ಇನ್ನು ದೊಡ್ಡಬೆಟ್ಟಕ್ಕೆ ಬರಬೇಕು. ಬೆನ್ ನೆವಿಸ್ಸಿಗೂ ಸೊನ್‌ಬ್ಲಿಕ್ಕಿಗೂ ಸುಮಾರು ನಾಲ್ಕು ದಶಕ ಮೊದಲೇ ದೊಡ್ಡಬೆಟ್ಟದ ಮೇಲೆ ಹವಾಮಾನ ವೀಕ್ಷಣೆಯ ಬಂಗಲೆಯೊಂದು ಇತ್ತೆಂಬುದು ನೀಲಗಿರಿಯ ಕನ್ನಡಿಗರಲ್ಲೇ ಬಹಳ ಮಂದಿಗೆ ತಿಳಿದಿರಲಾರದು. ಮದರಾಸು ವೀಕ್ಷಣಾಲಯದ ಖಗೋಳಜ್ಞ ಟಿ. ಜಿ. ಟೇಲರ್ ಅವರ ನಿರ್ದೇಶನದಲ್ಲಿ ಅಲ್ಲಿ, 8640 ಅಡಿ ಎತ್ತರದಲ್ಲಿ, 1847–48ರಲ್ಲಿ ತೆಗೆದ ಅಳತೆಗಳು ಪುಸ್ತಕವಾಗಿ ಪ್ರಕಟವಾದವು. ಅದೇ ಸಹ್ಯಾದ್ರಿಯ ದಕ್ಷಿಣ ತುದಿಯಲ್ಲಿ, ತಿರುವಾಂಕೂರಿನ ಮಹಾರಾಜರ ಆಶ್ರಯದಲ್ಲಿ ಜಾನ್ ಆಲನ್ ಬ್ರೌನ್ ಎಂಬ ವಿದ್ವಾಂಸರು 1855ರಲ್ಲಿ ಅಗಸ್ತ್ಯಮಲೆಯ ಮೇಲೆ ಇನ್ನೊಂದು ವೀಕ್ಷಣಾಲಯವನ್ನು ಕಟ್ಟಿಸಿದರು. ಆನೆಗಳ ಕಾಡಿನ ಮೇಲೆ, ಮಳೆಗಾಲದಲ್ಲಿ ನಿಲ್ಲಲೂ ಆಗದ ಗಾಳಿಯಲ್ಲಿ ಉಪಕರಣಗಳನ್ನು ಹೊತ್ತು ಏರಿದವರು ಯಾರು, ಇರುಳು ದೀಪ ಹಿಡಿದು ಅಂಕಿಗಳನ್ನು ಓದಿದವರು ಯಾರು ಎಂದು ಕೇಳಿಕೊಂಡರೆ, ಅವರೆಲ್ಲರೂ ಯುರೋಪಿನವರಾಗಿರಲು ಸಾಧ್ಯವಿಲ್ಲವೆಂಬುದು ಹೊಳೆಯುತ್ತದೆ. ಪುಸ್ತಕದ ಮುಖಪುಟದಲ್ಲಿ ಹೆಸರಿರುವವರು ಮಾತ್ರ ಚರಿತ್ರೆಗೆ ಸೇರುತ್ತಾರೆ. ಶಾಸನವನ್ನು ಕೊರೆದವನ ಹೆಸರನ್ನು ಕಲ್ಲಿನ ಕೊನೆಯ ಸಾಲಿನಲ್ಲಾದರೂ ಬರೆಯುತ್ತಿದ್ದ ಹಳೆಯ ಕನ್ನಡಿಗರು ಈ ವಿಷಯದಲ್ಲಿ ಹೆಚ್ಚು ಉದಾರರು. ಬ್ರೌನ್ 1865ರಲ್ಲಿ ತಿರುವಾಂಕೂರನ್ನು ಬಿಟ್ಟರು. ಅಗಸ್ತ್ಯಮಲೆಯ ಕೆಲಸವೂ ಅಲ್ಲಿಗೆ ಮುಗಿಯಿತು. ದೊಡ್ಡಬೆಟ್ಟದ ಕೆಲಸವೂ ಅವಿಚ್ಛಿನ್ನವಾಗಿ ನಡೆದುಬರಲಿಲ್ಲ. ನಡೆದಿದ್ದರೆ, ಉಷ್ಣವಲಯದ ಎತ್ತರದ ಬೆಟ್ಟವೊಂದರ ಮೇಲೆ 175 ವರ್ಷಗಳ ಅಖಂಡ ದಾಖಲೆ ಇಂದು ಕೈಯಲ್ಲಿರುತ್ತಿತ್ತು.

ಭಾರತೀಯರಿಗೆ ಇಂಥ ತಾಳ್ಮೆಯಿಲ್ಲ ಎಂದು ಹೇಳುವುದು ಸುಲಭ. ಆದರೆ ಅದು ಸುಳ್ಳು. ಕೊಡೈಕಾನಲ್ಲಿನ ಸೌರ ವೀಕ್ಷಣಾಲಯ 1899ರಿಂದ ಇದೆ. ನೂರು ವರ್ಷಕ್ಕೂ ಮೀರಿ ಅಲ್ಲಿ ಸೂರ್ಯನ ಮುಖವನ್ನು ಚಿತ್ರಿಸಿಟ್ಟಿದ್ದಾರೆ. ಸೂರ್ಯನ ಕಲೆಗಳ ದೀರ್ಘಕಾಲದ ವರ್ತನೆಯನ್ನು ತಿಳಿಯಲು ಜಗತ್ತಿನ ವಿಜ್ಞಾನಿಗಳು ಆ ಗಾಜಿನ ಫಲಕಗಳನ್ನು ಅವಲಂಬಿಸುತ್ತಾರೆ. ಉದಕಮಂಡಲದಲ್ಲಿ ವಿಶ್ವಕಿರಣಗಳನ್ನು ಹಿಡಿಯುವ ಗ್ರೇಪ್ಸ್-3 ಎಂಬ ದೂರದರ್ಶಕವಿದೆ. 2200 ಮೀಟರ್ ಎತ್ತರದ ಆ ಬಯಲಿನಲ್ಲಿ ಹಗಲಿರುಳು ಮ್ಯುಆನ್ ಕಣಗಳನ್ನು ಎಣಿಸುತ್ತಿದ್ದಾಗ, 2014ರ ಡಿಸೆಂಬರ್ 1ರಂದು ಒಂದು ಗುಡುಗುಮೋಡ ಮೇಲೆ ಹಾದುಹೋಯಿತು. ಎಣಿಕೆ ಕೆಲವು ನಿಮಿಷ ಕುಸಿಯಿತು. ಆ ಕುಸಿತದಿಂದ ಮೋಡದೊಳಗಿನ ವಿದ್ಯುತ್ ವಿಭವ 130 ಕೋಟಿ ವೋಲ್ಟಿನಷ್ಟಿತ್ತೆಂದು ಲೆಕ್ಕಹಾಕಿ 2019ರಲ್ಲಿ ಪ್ರಕಟಿಸಿದರು. ಗುಡುಗುಮೋಡದಲ್ಲಿ ಅಷ್ಟು ದೊಡ್ಡ ವಿಭವವನ್ನು ಅದಕ್ಕೆ ಮೊದಲು ಯಾರೂ ಅಳೆದಿರಲಿಲ್ಲ. ಮೋಡವನ್ನು ಹುಡುಕಿಕೊಂಡು ಹೋದವರಿಗೆ ಅದು ಸಿಕ್ಕಿದ್ದಲ್ಲ; ಬೇರೊಂದು ಎಣಿಕೆಯನ್ನು ಬಿಡದೆ ನಡೆಸುತ್ತಿದ್ದವರ ಪುಸ್ತಕದಲ್ಲಿ ಅದು ತಾನಾಗಿ ಬಂದು ಸಹಿ ಹಾಕಿತು.

ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ. ನಕ್ಷತ್ರ ನೋಡಲು ಕಟ್ಟಿದ ಆ ನೆಲೆಯಲ್ಲಿಯೇ 2005ರಿಂದ ಫ್ರಾನ್ಸಿನ ವಿಜ್ಞಾನಿಗಳ ಸಹಕಾರದೊಂದಿಗೆ ಇಂಗಾಲದ ಡೈಆಕ್ಸೈಡನ್ನೂ ಅಳೆಯತೊಡಗಿದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು ಸಿಂಹಗಡದಲ್ಲಿ ಗಾಳಿಯ ಮಾದರಿಗಳನ್ನು ಸಂಗ್ರಹಿಸುತ್ತದೆ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದಲ್ಲಿ 2012ರಿಂದ ಮೋಡಗಳ ಪ್ರಯೋಗಾಲಯವೊಂದನ್ನು ನಡೆಸುತ್ತಿದೆ. ಎತ್ತರದ ನೆಲೆಯಲ್ಲದಿದ್ದರೂ ಇದೇ ಮಾತಿಗೆ ಸೇರಬೇಕಾದ ಇನ್ನೊಂದು ತಾಣ ಗೋವೆಯ ಕಾಣಕೋಣ ತಾಲ್ಲೂಕಿನ ಕಾಬೋ ದ ರಾಮ. ಕಡಲಿಗೆ ಚಾಚಿದ ಆ ಬಂಡೆಯ ಮೇಲೆ 1993ರಿಂದ ಗಾಜಿನ ಕುಪ್ಪಿಗಳಲ್ಲಿ ಗಾಳಿಯನ್ನು ಹಿಡಿದು ಆಸ್ಟ್ರೇಲಿಯಕ್ಕೆ ಕಳುಹಿಸಿ ಅಳೆಯಿಸಲಾಗುತ್ತಿತ್ತು. ಮುಂಗಾರಿನಲ್ಲಿ ಅರಬ್ಬೀ ಸಮುದ್ರದಾಚೆಯಿಂದ, ದಕ್ಷಿಣಾರ್ಧಗೋಲದಿಂದ ಬರುವ ಶುದ್ಧವಾದ ಗಾಳಿ. ಚಳಿಗಾಲದಲ್ಲಿ ಘಟ್ಟವನ್ನಿಳಿದು ಬರುವ ನಾಡಿನ ಗಾಳಿ. ಒಂದೇ ಕಡೆ ನಿಂತು ಎರಡು ಲೋಕಗಳನ್ನು ಅಳೆಯುವ ಅವಕಾಶ ಅದು. 2002ರಲ್ಲಿ ಆ ಸಂಗ್ರಹ ನಿಂತಿತು. ಹಲವು ವರ್ಷಗಳ ಅಂತರದ ನಂತರ ಮತ್ತೆ ಕೆಲಕಾಲ ನಡೆಯಿತು. ನಡುವಿನ ವರ್ಷಗಳ ಕುಪ್ಪಿಗಳಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆಗಳ ಓದುಗರಿಗೆ 2018 ಮತ್ತು 2019ರ ಮಳೆಗಾಲಗಳು ನೆನಪಿರಬಹುದು. ಮಳೆನೆರಳಿನ ಆ ಬಯಲಿನ ಮೇಲೆ ವಿಮಾನಗಳು ಹಾರಾಡಿ ಮೋಡಬಿತ್ತನೆಯ ಪ್ರಯೋಗ ನಡೆಸಿದವು, ಪತ್ರಿಕೆಗಳು ಬರೆದವು, ಮಂತ್ರಿಗಳು ಮಾತನಾಡಿದರು. ಆ ಪ್ರಯೋಗವನ್ನು ಹೀಗಳೆಯುವ ಅಗತ್ಯವಿಲ್ಲ. ಆದರೆ ಬಿತ್ತಿದ ಮೋಡ ಬಿತ್ತದ ಮೋಡಕ್ಕಿಂತ ಎಷ್ಟು ಹೆಚ್ಚು ಸುರಿಯಿತೆಂದು ನಿರ್ಧರಿಸಬೇಕಾದರೂ ಆ ನೆಲದ ಸಹಜವಾದ ಮಳೆಯ ಚಂಚಲತೆಯನ್ನು ದೀರ್ಘಕಾಲ ಬರೆದಿಟ್ಟಿರಬೇಕು. ಅಭಿಯಾನಕ್ಕೆ ಬಾಜಾಬಜಂತ್ರಿ ಇರುತ್ತದೆ; ಅದಕ್ಕೆ ಆಧಾರವಾದ ದಿನಚರಿಗೆ ಇರುವುದಿಲ್ಲ. ಸರ್ಕಾರಗಳು ಮೊದಲನೆಯದಕ್ಕೆ ಕೊಡುವ ಉತ್ಸಾಹದ ಹತ್ತನೆಯ ಒಂದು ಪಾಲನ್ನು ಎರಡನೆಯದಕ್ಕೆ ಕೊಟ್ಟರೂ ಸಹ್ಯಾದ್ರಿಯ ಸಾಲಿನಲ್ಲಿ, ಮಹಾಬಲೇಶ್ವರದಿಂದ ದೊಡ್ಡಬೆಟ್ಟದವರೆಗೆ, ಒಂದೇ ತೂಕದ ಕಲ್ಲಿಗೆ ತಾಳೆಯಾಗುವ ವೀಕ್ಷಣಾಲಯಗಳ ಸರಪಳಿಯೊಂದು ಸಾಧ್ಯ. ಮುಂಗಾರು ಮೊದಲು ಮುಟ್ಟುವ ಗೋಡೆ ಅದು. ಅದರ ಆಚೆ ಈಚೆ ಎರಡೂ ಕಡೆ ಕನ್ನಡ ಮಾತಾಡುವ ಜನರಿದ್ದಾರೆ, ನಕಾಶೆಯ ಗೆರೆಗಳು ಎಲ್ಲಿಯೇ ಬಿದ್ದಿರಲಿ.

ಉಪಗ್ರಹಗಳಿರುವಾಗ ಬೆಟ್ಟ ಹತ್ತುವುದೇಕೆಂಬ ಆಕ್ಷೇಪವಿದೆ. ಉಪಗ್ರಹವು ನೇರವಾಗಿ ಗಾಳಿಯನ್ನು ಮುಟ್ಟುವುದಿಲ್ಲ. ಗಾಳಿಯ ಮೂಲಕ ಹಾದುಬಂದ ಬೆಳಕನ್ನು ಓದಿ ಊಹಿಸುತ್ತದೆ. ಮುಂಗಾರಿನ ನಾಲ್ಕು ತಿಂಗಳು ದಟ್ಟ ಮೋಡದ ಕೆಳಗೆ ಏನಿದೆಯೆಂದು ಕಾಣಲು ಅದಕ್ಕೆ ಕಷ್ಟ. ಅದರ ಆಯುಷ್ಯವೂ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ. ಒಂದು ಉಪಗ್ರಹದ ಅಂಕಿಯನ್ನು ಮತ್ತೊಂದರ ಅಂಕಿಗೆ ಹೊಂದಿಸಲು ನೆಲದ ಮೇಲೆ ಬದಲಾಗದೆ ನಿಂತ ಸಾಕ್ಷಿ ಬೇಕು. ಬಡ ದೇಶಕ್ಕೆ ಇದು ದುಬಾರಿಯೆಂಬ ಮಾತಿಗೆ ಉತ್ತರ ಇನ್ನೂ ಚಿಕ್ಕದು: ಇಂಥ ನೆಲೆಯೊಂದನ್ನು ವರ್ಷವಿಡೀ ನಡೆಸುವ ಖರ್ಚು ಉಪಗ್ರಹವೊಂದರ ಖರ್ಚಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯ ಆಕ್ಷೇಪ ಈ ಪತ್ರಿಕೆಯ ಓದುಗರ ಮನಸ್ಸಿನಲ್ಲಿಯೇ ಎದ್ದಿರಬಹುದು. ಇದೆಲ್ಲ ವಿಜ್ಞಾನ ವಿಭಾಗದವರ ಕೆಲಸ. ಪಂಪ, ಕುಮಾರವ್ಯಾಸರನ್ನು ಓದುವವರಿಗೆ ಇದರಿಂದೇನು? ಪಂಪಭಾರತವನ್ನು ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದರೆಂಬುದನ್ನು ಇಲ್ಲಿ ಜ್ಞಾಪಿಸುವುದು ಸಾಕು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ಅವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನೂ ನಡೆಸಿದರು. ಅದು ಬಹುಕಾಲ ಬಾಳಲಿಲ್ಲ. ಕನ್ನಡದ ವಿಜ್ಞಾನ ಬರವಣಿಗೆಯ ಚರಿತ್ರೆಯಲ್ಲಿಯೂ ಕಾಬೋ ದ ರಾಮದ ಕುಪ್ಪಿಗಳಂತೆ ಬರಿದಾದ ವರ್ಷಗಳು ಬಹಳವಿವೆ. ಬಿಡದೆ ಬರೆಯುವ ಶಿಸ್ತು ಕನ್ನಡಕ್ಕೆ ಹೊಸದೇನಲ್ಲ. ಹುಣಿಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದ ಬಟ್ಟೆಯನ್ನು ಮಡಿಸಿ ಮಾಡಿದ ಕಡತಗಳಲ್ಲಿ ಬಳಪದಿಂದ ಮಠಗಳೂ ವರ್ತಕರೂ ಲೆಕ್ಕ ಬರೆದಿಟ್ಟರು. ಮಳೆಯ ವಿಷಯದಲ್ಲಿ ಒಕ್ಕಲಿಗರು ಇಟ್ಟುಕೊಂಡ ಕಡತ ನೆನಪಿನಲ್ಲಿತ್ತು. ಮೃಗಶಿರ, ಆರಿದ್ರ, ಸ್ವಾತಿ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಮಳೆಗೆ ಹೆಸರಿಟ್ಟು, ಒಂದೊಂದರ ಸ್ವಭಾವವನ್ನು ಗಾದೆಗಳಲ್ಲಿ ಕಟ್ಟಿದ್ದು ತಲೆಮಾರುಗಳ ವೀಕ್ಷಣೆ. ಅದನ್ನು ಮೂಢನಂಬಿಕೆಯೆಂದು ತಳ್ಳುವುದೂ ತಪ್ಪು, ವಿಜ್ಞಾನವನ್ನೆಲ್ಲ ಪೂರ್ವಿಕರೇ ಅರಿತಿದ್ದರೆಂದು ಬೀಗುವುದೂ ತಪ್ಪು. ಬಣ್ಣ, ವಾಸನೆಗಳಿಲ್ಲದ ಅನಿಲವೊಂದು ವರ್ಷಕ್ಕೆ ಹತ್ತು ಲಕ್ಷದಲ್ಲಿ ಎರಡು ಭಾಗ ಹೆಚ್ಚುವುದನ್ನು ಯಾವ ಗಾದೆಯೂ ಹಿಡಿಯಲಾರದು. ಆರಿದ್ರ ಮಳೆ ಅಜ್ಜನ ಕಾಲದಂತಿಲ್ಲ ಎಂಬ ಮಾತು ನಿಜವೋ, ಅಜ್ಜನ ಕಾಲವೆಲ್ಲ ಚೆನ್ನಾಗಿತ್ತೆಂಬ ಭ್ರಮೆಯೋ ಎಂದು ತೀರ್ಮಾನಿಸಲು ಅಂಕಿಯೇ ಬೇಕು.

ಆ ಅಂಕಿಯ ಬೆಲೆ ಏನೆಂಬುದು ವಯನಾಡಿನವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಿಡಿದದ್ದನ್ನು ಘಟ್ಟಕ್ಕೆ ತಾಗಿದಾಗ ಸುರಿಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ನೂರಾರು ಜನ ಮಣ್ಣಾದರು. ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರವು ಆ ಜಿಲ್ಲೆಯಲ್ಲಿ ಇನ್ನೂರರಷ್ಟು ಕಡೆ ಮಳೆಯ ಲೆಕ್ಕವಿಡುವ ಜಾಲವನ್ನು ಕಟ್ಟಿದೆ. ಪುತ್ತುಮಲೆಯ ಮಾಪಕದಲ್ಲಿ ಆ 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ದಾಖಲಾಗಿತ್ತು. ಅಪಾಯವಿದೆಯೆಂದು ಕೇಂದ್ರವು ಹಿಂದಿನ ದಿನವೇ ಎಚ್ಚರಿಸಿತ್ತು. ಅಳತೆಯಿತ್ತು. ಅದನ್ನು ಕೇಳಿಸಿಕೊಂಡು ನಡೆಯುವ ಏರ್ಪಾಡು ಸಾಲಲಿಲ್ಲ. ಮೇಲ್ಗಡೆ ಬೆಟ್ಟದ ಮೇಲಿನ ವೀಕ್ಷಣಾಲಯ ಜಗತ್ತಿನ ಗಾಳಿಯನ್ನು ಬರೆಯುತ್ತದೆ. ಕೆಳಗಡೆ ಊರಿನ ಮಾಪಕ ಆ ಗಾಳಿ ಸುರಿಸಿದ ಮಳೆಯನ್ನು ಬರೆಯುತ್ತದೆ. ಎರಡನ್ನೂ ಒಟ್ಟಿಗೆ ಓದಬಲ್ಲವರು, ಓದಿದ್ದನ್ನು ಊರಿನ ನುಡಿಯಲ್ಲಿ ಹೇಳಬಲ್ಲವರು ನಡುವೆ ಬೇಕು. ಗಡಿನಾಡಿನಲ್ಲಿ ಎಚ್ಚರಿಕೆಯ ಸಂದೇಶ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬರುತ್ತದೆ. ಅದು ಸರಿಯೇ. ಅದನ್ನು ಮನೆಯೊಳಗೆ ಕನ್ನಡ ಮಾತಾಡುವ ಅಜ್ಜಿಗೆ ತಿಳಿಯುವಂತೆ ಹೇಳುವವರು ಯಾರು? ಎರಡು ನುಡಿಗಳಲ್ಲಿ ಬದುಕುವುದನ್ನು ಕೊರತೆಯೆಂದು ಕೊರಗುತ್ತಿರುವ ವಿಭಾಗಗಳಿಗೆ ಇಲ್ಲಿ ನಿಜವಾದ ಕೆಲಸವಿದೆ.

ಮೋಡ, ಮಂಜು, ಕಾವಳ, ಇಬ್ಬನಿ, ತುಂತುರು, ಜಡಿಮಳೆ, ಸೋನೆ, ಆಲಿಕಲ್ಲು ಇವುಗಳ ನಡುವಿನ ಭೇದವನ್ನು ಬಡಗ ನುಡಿಯಲ್ಲಿ, ಕಾಸರಗೋಡಿನ ಹವ್ಯಕರ ಮಾತಿನಲ್ಲಿ, ತಾಳವಾಡಿಯ ಸೋಲಿಗರ ಮಾತಿನಲ್ಲಿ ಏನೆಂದು ಕರೆಯುತ್ತಾರೆ ಎಂದು ಪಟ್ಟಿ ಮಾಡುವುದು ಒಂದು ಕೆಲಸ. ಮಡಕಶಿರ, ರಾಯದುರ್ಗ, ಆದೋನಿಗಳಂಥ ಬರದ ಸೀಮೆಯ ತಾಲ್ಲೂಕು ಕಚೇರಿಗಳಲ್ಲಿ ಕಂದಾಯದವರು ಬರೆದಿಟ್ಟ ಹಳೆಯ ಮಳೆಯ ದಫ್ತರುಗಳು ಎಲ್ಲಿ ಉಳಿದಿವೆಯೆಂದು ಹುಡುಕಿ, ಬೆನ್ ನೆವಿಸ್ಸಿನ ಸ್ವಯಂಸೇವಕರು ಮಾಡಿದಂತೆ ಅಂಕಿಗಳನ್ನು ತುಂಬುವುದು ಇನ್ನೊಂದು. ಹಳೆಯ ಮೋಡಿ ಅಕ್ಷರ, ಮಾಸಿದ ಶಾಯಿಗಳನ್ನು ಓದುವ ತರಬೇತಿ ಐಚ್ಛಿಕ ಕನ್ನಡದವರಿಗೆ ಇದೆ; ವಿಜ್ಞಾನದವರಿಗೆ ಇಲ್ಲ. ಮೂರನೆಯದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಕಠಿನ: ವಿಭಾಗದ ಅಂಗಳದಲ್ಲಿ ಒಂದು ಮಳೆಮಾಪಕ, ಒಂದು ಗಟ್ಟಿ ರಟ್ಟಿನ ಪುಸ್ತಕ. ಮಳೆ ಬಾರದ ದಿನವೂ ಸೊನ್ನೆಯೆಂದು ಬರೆಯಬೇಕು; ಪರೀಕ್ಷೆಯ ದಿನವೂ, ದೀಪಾವಳಿಯ ರಜೆಯಲ್ಲೂ ಬರೆಯಬೇಕು. ಒಂದು ತಂಡ ಪದವಿ ಮುಗಿಸಿ ಹೋಗುವ ಮೊದಲು ಮುಂದಿನ ತಂಡದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲವು ದಿನ ಇಬ್ಬರೂ ಓದಿ ತಾಳೆ ನೋಡಬೇಕು. ಭಾರತದಲ್ಲಿ ಮಳೆಮಾಪಕವನ್ನು ಓದಲು ನಿಗದಿಯಾದ ವೇಳೆ ಬೆಳಿಗ್ಗೆ 8 ಗಂಟೆ 30 ನಿಮಿಷ. ಕಾಲೇಜಿನ ಮೊದಲ ಗಂಟೆ ಬಾರಿಸಲು ಆಗ ಇನ್ನೂ ಸಮಯವಿರುತ್ತದೆ.